ಸಹಾಯ ಬೇಕು: ಡಿವಿಡಿ ಮೌಂಟ್ ಮಾಡಿದ್ರೆ ಫೈಲಿನ ಆಟ್ರಿಬ್ಯೂಟ್ ಕಾಣ್ತಿಲ್ಲ

ಲಿನಕ್ಸ್ ಬಲ್ಲವರು ಸ್ವಲ್ಪ ನೋಡಿ. ತಾಳಮದ್ದಳೆಯ ಹಳೇ ಕ್ಯಾಸೆಟ್‌ಗಳನ್ನ ಕಂಪ್ಯೂಟರಿಗೆ ಇಳಿಸಿದೀನಿ. ಭಾಗವತರು ಯಾರು, ಪ್ರಸಂಗ ಯಾವುದು ಅನ್ನೋದನ್ನ ಆಯಾ ಫೈಲಿನ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನಲ್ಲೇ (ಫೈಲಿಗೆ ಅಂಟಿಕೊಂಡಿರೋ ಹೆಚ್ಚುವರಿ ಮಾಹಿತಿ) ಬರೆದಿದೀನಿ. ಈಗ ಎಲ್ಲ ಡಿವಿಡಿಗೆ ಹೋಗ್ಬೇಕು.

ಡಿಸ್ಕಲ್ಲಿ ಫೈಲ್ ಜೋಡಿಸೋ ಮೂಲ ಪದ್ಧತಿ ಐಎಸ್‌ಒ 9660 ಒಂದೇ ಆದ್ರೆ ಫೈಲಿನ ಹೆಸರೇ ಉಳಿಯಲ್ಲ. ಲೆವೆಲ್ 1ರಲ್ಲಿ ಎಂಟಕ್ಷರ, ಚುಕ್ಕಿ, ಮೂರಕ್ಷರ, ಅದೂ ಇಂಗ್ಲಿಷ್ ಕ್ಯಾಪಿಟಲ್. ಅದರ ವಿಸ್ತರಣೆ ಜೋಲಿಯೆಟ್‌ನಲ್ಲಿ ಕನ್ನಡ ಬರುತ್ತೆ, ಆದ್ರೆ ಹೆಸರಿಗೆ 64 ಯುನಿಕೋಡ್ ಸಂಕೇತಗಳ ಮಿತಿ; ನಮ್ಮ 'ಕ್ಷ' ಒಂದಕ್ಕೇ ಮೂರು ಲೆಕ್ಕ! ಅದಕ್ಕೇ ಯುನಿಕ್ಸ್ ಮಾದರಿಯ ಇನ್ನೊಂದು ವಿಸ್ತರಣೆ ರಾಕ್ ರಿಡ್ಜ್ ಹಿಡಿದೆ. ಹೆಸರು ಎನ್‌ಎಮ್ ಎಂಟ್ರಿಯಲ್ಲಿ, ಪರ್ಮಿಷನ್ ಪಿಎಕ್ಸ್‌ನಲ್ಲಿ, ಸಿಂಬಾಲಿಕ್ ಲಿಂಕ್ ಎಸ್‌ಎಲ್‌ನಲ್ಲಿ ನೆಟ್ಟಗೆ ಬಂತು. ಆಟ್ರಿಬ್ಯೂಟ್‌ಗೆ ಮಾತ್ರ ಅದ್ರಲ್ಲಿ ಜಾಗವೇ ಇಲ್ಲ.

ಆಮೇಲೆ ಡಿಸ್ಕ್ ಇಮೇಜ್ ತಯಾರಿಸೋ ಕ್ಸೋರಿಸೋ ಪ್ರೋಗ್ರಾಮಲ್ಲಿ ಎಕ್ಸ್‌ಆಟರ್ (ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ ಸೇರಿಸೋ ಆಪ್ಷನ್) ಆನ್ ಮಾಡಿ ಇಮೇಜ್ ಕಟ್ಟಿದೆ. ಅದು ಎಎಐಪಿ ಅನ್ನೋ ವಿಧಾನದಲ್ಲಿ, ಡೈರೆಕ್ಟರಿ ರೆಕಾರ್ಡಿನಲ್ಲಿ ರಾಕ್ ರಿಡ್ಜ್ ಬಳಸೋ ಅದೇ ಸಿಸ್ಟಮ್ ಯೂಸ್ ಜಾಗಕ್ಕೆ 'ಎಎಲ್' ಎಂಟ್ರಿ ಸೇರಿಸುತ್ತೆ. ಎರರ್ ಏನೂ ಬರ್ಲಿಲ್ಲ. ಆದ್ರೆ ಮೌಂಟ್ ಮಾಡಿ (ಅಂದ್ರೆ ಸಿಸ್ಟಮ್ಮಿಗೆ ಜೋಡಿಸಿ), ಆಟ್ರಿಬ್ಯೂಟ್ ತೋರಿಸೋ ಗೆಟ್‌ಎಫ್‌ಆಟರ್ ಕಮಾಂಡ್ ಕೊಟ್ರೆ ಖಾಲಿ. ಜೋಲಿಯೆಟ್ ಬೇಡ ಅಂತ ಆಪ್ಷನ್ ಕೊಟ್ಟು ಮೌಂಟ್ ಮಾಡಿದ್ರೂ ಅದೇ ಕಥೆ. ಇಮೇಜನ್ನ ಕ್ಸೋರಿಸೋದಲ್ಲೇ ತೆರೆದು ಕೇಳಿದ್ರೆ ಭಾಗವತರ ಹೆಸರು ಸಮೇತ ತೋರಿಸುತ್ತೆ! ಅಂದ್ರೆ ಬರೆದಿದ್ದು ಇದೆ, ಲಿನಕ್ಸಿನ ತಿರುಳಾದ ಕರ್ನಲ್ ಅದನ್ನ ಓದ್ತಿಲ್ಲ ಅಂತ ನನ್ನ ಲೆಕ್ಕಾಚಾರ.

ನಾಳೆ ಈ ಡಿಸ್ಕ್ ಬೇರೆಯವರ ಕೈಗೆ ಹೋದ್ರೆ ಅವರ ಹತ್ರ ಕ್ಸೋರಿಸೋ ಇರ್ಬೇಕಲ್ಲ, ಅದೇ ತಲೆನೋವು. ಮೌಂಟ್ ಮಾಡಿದಾಗಲೇ ಈ ಆಟ್ರಿಬ್ಯೂಟ್ ಕಾಣೋ ಹಾಗೆ ಮಾಡೋಕೆ ದಾರಿ ಇದೆಯಾ? ಇಲ್ಲ ಅಂದ್ರೆ ಗೆಟ್‌ಎಫ್‌ಆಟರ್ ಡಂಪನ್ನ ಟೆಕ್ಸ್ಟ್ ಫೈಲ್ ಮಾಡಿ ಅದೇ ಡಿಸ್ಕಲ್ಲಿ ಇಡೋದೇ ವಾಸಿನಾ?