ಹೊಸ ಮನೆ, ಆಗಲೇ ಗೋಡೆಯಲ್ಲಿ ತೇವ: ವಾರಂಟಿ ಮುಗಿಯುವ ಮೊದಲು ಏನು ಮಾಡಬೇಕು?

ಕೇಳಿದವರು:

ಹೊಸ ಫ್ಲಾಟಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಬಾತ್‌ರೂಮಿಗೆ ಅಂಟಿಕೊಂಡಿರುವ ಬೆಡ್‌ರೂಮ್ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಪೇಂಟ್ ಉಬ್ಬಿ ಉದುರುತ್ತಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬೇರೆ ಬಿಟ್ಟಿದೆ. ಬಿಲ್ಡರ್ ಕಡೆಯವರು ಬಂದು ಪುಟ್ಟಿ ಹಚ್ಚಿ ಪೇಂಟ್ ಹೊಡೆದು ಹೋದರು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಈಗ ಫೋನ್ ಮಾಡಿದರೆ "ಹೊಸ ಕಟ್ಟಡ ಅಂದಮೇಲೆ ಇದೆಲ್ಲ ಇದ್ದದ್ದೇ" ಅನ್ನುತ್ತಾರೆ. ಒಂದು ವರ್ಷದ ವಾರಂಟಿ ಮುಗಿಯುತ್ತಾ ಬಂತು. ಇದನ್ನು ಅನುಭವಿಸಿದವರು ದಯವಿಟ್ಟು ದಾರಿ ಹೇಳಿ.

ಇದೇ ತೊಂದರೆ ಕಂಡವರು:

ನಮ್ಮ ಮನೆಯಲ್ಲೂ ಇದೇ ಗೋಡೆ, ಇದೇ ಎತ್ತರ. ಓದುವಾಗಲೇ ಹೊಟ್ಟೆ ಉರಿಯಿತು. ಮೊದಲು ಒಂದು ಮಾತು: ಇನ್ನೊಮ್ಮೆ ಪುಟ್ಟಿ ಹಚ್ಚಲು ಬಿಡಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದೆ ಪೇಂಟ್ ಹೊಡೆದರೆ ಅದು ರಿಪೇರಿ ಅಲ್ಲ, ಮುಚ್ಚಿಡುವುದು. ವಾರಂಟಿ ಮುಗಿಯುವ ತನಕ ದಿನ ತಳ್ಳಲು ಅಷ್ಟು ಸಾಕಲ್ವಾ?

ನೀರು ಬರುವ ದಾರಿ ಸಾಮಾನ್ಯವಾಗಿ ಮೂರು. ನಲ್ಲಿಗೆ ನೀರು ತರುವ ಪೈಪ್ ಸೋರಬಹುದು. ಬಳಸಿದ ನೀರು ಹೊರಗೆ ಹೋಗುವ ಪೈಪ್ ಸೋರಬಹುದು. ಇಲ್ಲವೇ ಬಾತ್‌ರೂಮ್ ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಕೆಟ್ಟಿರಬಹುದು. ಟೈಲ್ಸ್ ಹಾಕಿದ ಮಾತ್ರಕ್ಕೆ ನೀರು ನಿಲ್ಲುವುದಿಲ್ಲ. ಟೈಲ್ಸ್ ನಡುವಿನ ಸಂದಿಯಿಂದ ನೀರು ಇಳಿಯುತ್ತದೆ. ಅದನ್ನು ತಡೆಯುವುದು ಕೆಳಗಿನ ಪದರ.

ಮೊದಲನೆಯದನ್ನು ನೀವೇ ನೋಡಬಹುದು. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ವಾಟರ್ ಮೀಟರಿನ ರೀಡಿಂಗ್ ಬರೆದಿಡಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ನೀರು ಹೋಗುತ್ತಿದೆ ಎಂದೇ ಅರ್ಥ. ಫ್ಲಶ್ ಟ್ಯಾಂಕ್ ಸೋರುತ್ತಿದ್ದರೂ ಅಂಕಿ ಓಡುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ.

ಅಂಕಿ ನಿಂತಲ್ಲೇ ಇದ್ದರೆ ಮುಂದಿನದು ಪಾಂಡಿಂಗ್ ಟೆಸ್ಟ್. ಬಾತ್‌ರೂಮಿನ ನೀರು ಹೋಗುವ ತೂತು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ನೀರು ನಿಲ್ಲಿಸಿ 24 ಗಂಟೆ ಬಿಡುವುದು. ನೀರು ಬಾಗಿಲಿನ ಹೊಸ್ತಿಲು ದಾಟಬಾರದು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಮಟ್ಟ ಗುರುತು ಮಾಡಿ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ, ಅವರ ಚಾವಣಿಯನ್ನೂ ನೋಡಿ. ಇದನ್ನು ಮಾತ್ರ ನೀವೊಬ್ಬರೇ ಮಾಡಬೇಡಿ. ಬಿಲ್ಡರ್ ಕಡೆಯವರು ಎದುರಿಗಿರಲಿ. ಆಗ "ನೀವೇನು ಮಾಡಿದಿರೋ ನಮಗೇನು ಗೊತ್ತು" ಅನ್ನಲು ಬರುವುದಿಲ್ಲ. ನಮ್ಮಲ್ಲಿ ಮಾತು ತಿರುಗಿದ್ದೇ ಇಲ್ಲಿ. ಅದುವರೆಗೆ "ನೀವು ನೀರು ಜಾಸ್ತಿ ಸುರಿಯುತ್ತೀರಿ" ಎನ್ನುತ್ತಿದ್ದ ಸೂಪರ್‌ವೈಸರ್, ಕೆಳಗಿನ ಮನೆಯ ಚಾವಣಿಯಲ್ಲಿ ಕಪ್ಪು ಒದ್ದೆ ಹರಡುವುದನ್ನು ಕಣ್ಣಾರೆ ನೋಡಿ ಸುಮ್ಮನಾದರು. ಆಮೇಲೆ ನೆಲದ ಟೈಲ್ಸ್ ಪೂರ್ತಿ ತೆಗೆಸಿ ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಿದೆವು. ಹೊಸ ಟೈಲ್ಸ್ ಹಾಕುವ ಮೊದಲು ಇದೇ ಟೆಸ್ಟ್ ಇನ್ನೊಮ್ಮೆ ಮಾಡಲೇಬೇಕೆಂದು ಹಟ ಹಿಡಿಯಿರಿ. ಟೈಲ್ಸ್ ಬಿದ್ದ ಮೇಲೆ ಒಳಗಿನದು ಯಾರಿಗೆ ಕಾಣುತ್ತದೆ?

ಕಟ್ಟಡದ ಕೆಲಸದಲ್ಲಿದ್ದವರು:

ಬಿರುಕಿನ ಬಗ್ಗೆ ನಾನು ಹೇಳುತ್ತೇನೆ. ಕಿಟಕಿ ಮೂಲೆಯಿಂದ ಓರೆಯಾಗಿ ಏಳುವ ಸಣ್ಣ ಬಿರುಕು ತುಂಬ ಕಡೆ ಕಾಣುತ್ತದೆ. ಗೋಡೆ ಒಣಗುತ್ತಾ ಕುಗ್ಗುವಾಗ ಎಳೆತವೆಲ್ಲ ಆ ಮೂಲೆಗೇ ಬೀಳುತ್ತದೆ. ಕಾಂಕ್ರೀಟ್ ಕಾಲಂ ಮತ್ತು ಇಟ್ಟಿಗೆ ಗೋಡೆ ಸೇರುವ ಗೆರೆಯಲ್ಲೂ ಹಾಗೆಯೇ. ಎರಡೂ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗುತ್ತವೆ. ಪ್ಲಾಸ್ಟರ್ ಮಾಡುವ ಮೊದಲು ಅಲ್ಲಿ ಜಾಲರಿ ಹೊಡೆದಿಲ್ಲದಿದ್ದರೆ ಗೆರೆ ಬಿಟ್ಟೇ ಬಿಡುತ್ತದೆ. ಇದರಿಂದ ಮನೆ ಬೀಳುವುದಿಲ್ಲ. ಆದರೂ ಇದು ಕೆಲಸದ ದೋಷವೇ, ಸರಿ ಮಾಡಿಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ನಿಜವಾಗಿ ಹೆದರಬೇಕಾದ ಬಿರುಕುಗಳು ಬೇರೆ. ಗೋಡೆಯ ಎರಡೂ ಬದಿ ಕಾಣುವಂಥದ್ದು, ಒಂದು ತುದಿಯಲ್ಲಿ ಅಗಲವಾಗಿದ್ದು ಇನ್ನೊಂದರಲ್ಲಿ ಸಪೂರವಾಗುವಂಥದ್ದು, ಇಟ್ಟಿಗೆ ಸಾಲಿನ ಗುಂಟ ಮೆಟ್ಟಿಲಿನ ಹಾಗೆ ಇಳಿಯುವಂಥದ್ದು. ಇವು ತಳಪಾಯ ಒಂದು ಕಡೆ ಕುಸಿಯುತ್ತಿರುವುದರ ಲಕ್ಷಣ ಆಗಿರಬಹುದು. ಬೀಮ್ ಅಥವಾ ಕಾಲಂ ಮೇಲೆ ಬಿರುಕಿನ ಜೊತೆ ತುಕ್ಕಿನ ಕಲೆ ಕಂಡರಂತೂ ಒಂದು ದಿನವೂ ತಡ ಮಾಡಬೇಡಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಅವರು ಬಿಲ್ಡರ್‌ಗೆ ಸಂಬಂಧ ಇಲ್ಲದವರಾಗಿರಬೇಕು.

ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲು ಅದರ ಎರಡೂ ತುದಿಗೆ ಪೆನ್ಸಿಲ್ ಗೀಟು ಹಾಕಿ ಪಕ್ಕದಲ್ಲಿ ತಾರೀಖು ಬರೆಯಿರಿ. ಸ್ಕೇಲ್ ಹಿಡಿದು ಫೋಟೋ ತೆಗೆಯಿರಿ. ತಿಂಗಳಿಗೊಮ್ಮೆ ಅದೇ ಜಾಗದಿಂದ ಮತ್ತೊಂದು. ಗೀಟು ದಾಟಿ ಬಿರುಕು ಮುಂದೆ ಹೋಗಿದ್ದರೆ ಯಾರ ವಾದವೂ ನಿಲ್ಲುವುದಿಲ್ಲ.

ಅಸೋಸಿಯೇಷನ್ ಕೆಲಸ ನೋಡಿಕೊಂಡವರು:

ಫೋನ್ ಮಾಡುವುದನ್ನು ಇವತ್ತೇ ನಿಲ್ಲಿಸಿ. ಬಾಯಿಮಾತಿಗೆ ಸಾಕ್ಷಿ ಇಲ್ಲ. ವಾರಂಟಿ ಅವಧಿಯೊಳಗೆ ಲಿಖಿತ ದೂರು ತಲುಪಿತ್ತು ಎಂಬುದೇ ಮುಂದೆ ನಿಮ್ಮ ಕೈ ಹಿಡಿಯುವುದು. ಇಮೇಲ್ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. "ಗೋಡೆ ಸರಿಯಿಲ್ಲ" ಎಂದು ಬರೆದರೆ ಸಾಲದು. ಯಾವ ಕೋಣೆ, ಯಾವ ಗೋಡೆ, ಮೊದಲು ಕಂಡದ್ದು ಯಾವಾಗ, ಅವರು ಯಾವತ್ತು ಬಂದು ಏನು ಮಾಡಿ ಹೋದರು, ಮತ್ತೆ ಯಾವಾಗ ಕಾಣಿಸಿತು, ಎಲ್ಲ ಇರಲಿ. ಕಾರಣ ಹುಡುಕಿ ರಿಪೇರಿ ಮಾಡಬೇಕು ಎಂದು ಸ್ಪಷ್ಟವಾಗಿ ಕೇಳಿ, ಉತ್ತರಕ್ಕೆ ಒಂದು ಗಡುವು ಕೊಡಿ.

ಅಗ್ರಿಮೆಂಟ್ ತೆಗೆದು ಕೂತು ಓದಿ. ಅವಧಿ ಬಹಳ ಸಲ ಹ್ಯಾಂಡೋವರ್ ದಿನದಿಂದ ಶುರುವಾಗುತ್ತದೆ, ನೀವು ವಾಸಕ್ಕೆ ಬಂದ ದಿನದಿಂದ ಅಲ್ಲ. ಬಣ್ಣ, ಬಾಗಿಲಿನಂಥದ್ದಕ್ಕೆ ಒಂದು ಅವಧಿ, ಕಟ್ಟಡದ ರಚನೆಗೆ ಇನ್ನೂ ದೊಡ್ಡ ಅವಧಿ ಇರುವುದುಂಟು. ಒಂದು ವರ್ಷ ಅಂತ ಅವರು ಬಾಯಲ್ಲಿ ಹೇಳಿದ್ದನ್ನೇ ನಂಬಬೇಡಿ. ಅಗ್ರಿಮೆಂಟಿನಲ್ಲಿ ಏನೇ ಬರೆದಿರಲಿ, ಕಾನೂನು ಅದಕ್ಕಿಂತ ಜಾಸ್ತಿ ಕಾಲ ಕೊಡುವ ಕಡೆಗಳೂ ಇವೆ. ನಿಮ್ಮಲ್ಲಿ ಹೇಗೆ ಎಂದು ವಕೀಲರನ್ನು ಒಮ್ಮೆ ಕೇಳಿ. ವಾಟರ್‌ಪ್ರೂಫಿಂಗ್ ಮಾಡಿದ ಕಂಪನಿ ಬೇರೆ ಗ್ಯಾರಂಟಿ ಕೊಟ್ಟಿದ್ದರೆ ಅದರ ಪ್ರತಿಯನ್ನೂ ಕೇಳಿ ಪಡೆಯಿರಿ.

ಬೇಸತ್ತು ನಿಮ್ಮದೇ ಮೇಸ್ತ್ರಿಯಿಂದ ಗೋಡೆ ಒಡೆಸಬೇಡಿ. ಆಮೇಲೆ ದೋಷವೆಲ್ಲ ನಿಮ್ಮ ತಲೆಗೇ ಕಟ್ಟುತ್ತಾರೆ. ಹಾಗೆಯೇ ಅವರು ರಿಪೇರಿ ಮಾಡಿ "ಕೆಲಸ ತೃಪ್ತಿಕರ" ಎಂಬ ಕಾಗದಕ್ಕೆ ಸಹಿ ಕೇಳಿದರೆ, ಗೋಡೆ ಒಣಗಿದ ಮೇಲೆ ನೋಡಿ ಹೇಳುತ್ತೇನೆ ಎಂದು ಅದರಲ್ಲೇ ಬರೆದು ಸಹಿ ಮಾಡಿ. ನಿಮ್ಮ ಮೇಲಿನ, ಕೆಳಗಿನ ಮನೆಗಳಲ್ಲೂ ಇದೇ ಗೋಡೆ ಒದ್ದೆಯಾಗಿದೆಯಾ ವಿಚಾರಿಸಿ. ನಾಲ್ಕು ಮನೆಯವರು ಸೇರಿ ಸಹಿ ಹಾಕಿದ ದೂರನ್ನು "ನಿಮ್ಮ ಮನೆಯದ್ದು ಮಾತ್ರ" ಎಂದು ತಳ್ಳಿಹಾಕಲು ಆಗುವುದಿಲ್ಲ.

ಕೇಳಿದವರು:

ತುಂಬ ಉಪಕಾರವಾಯಿತು. ಮೇಲಿನ ಮನೆಯಲ್ಲೂ ಅದೇ ಜಾಗದಲ್ಲಿ ಪೇಂಟ್ ಉಬ್ಬಿದೆಯಂತೆ, ಇವತ್ತೇ ಒಟ್ಟಿಗೆ ಬರೆಯುತ್ತೇವೆ. ಒಂದೇ ಅನುಮಾನ. ಸೋರಿಕೆ ನಿಂತ ಮೇಲೆ ಪೇಂಟ್ ಎಷ್ಟು ದಿನಕ್ಕೆ ಹೊಡೆಸಬಹುದು?

ಕಟ್ಟಡದ ಕೆಲಸದಲ್ಲಿದ್ದವರು:

ಅವಸರ ಮಾಡಬೇಡಿ. ಒದ್ದೆಯಾದ ಗೋಡೆ ಒಣಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಉಬ್ಬಿದ ಪೇಂಟ್, ಪುಟ್ಟಿ ಕೆರೆಸಿ ಗೋಡೆ ತೆರೆದಿಡಿ, ಕಿಟಕಿ ತೆಗೆದು ಗಾಳಿ ಆಡಲು ಬಿಡಿ. ಬಿಳಿ ಪುಡಿ ಬಂದರೆ ಅದು ನೀರು ಹೊತ್ತು ತಂದ ಉಪ್ಪು. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ತೊಳೆಯಬೇಡಿ. ಆಮೇಲೆ ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ಗೋಡೆಯಲ್ಲಿ ಇನ್ನೂ ನೀರಿದೆ. ಅಷ್ಟರಲ್ಲಿ ಬಿಲ್ಡರ್ ಪೇಂಟರನ್ನು ಕಳಿಸಿದರೆ, ಗೋಡೆ ಇನ್ನೂ ಒಣಗಿಲ್ಲ ಎಂದು ಒಂದು ಇಮೇಲ್ ಹಾಕಿ ವಾಪಸ್ ಕಳಿಸಿ.