ಕಾನ್ರಾಡ್‌ನ ಕಡಲ ಕಥೆಗಳು: ಎಲ್ಲಿಂದ ಶುರು ಮಾಡೋದು, ಎಲ್ಲಿ ಸಿಕ್ಕಿಹಾಕಿಕೊಳ್ತೀವಿ?

ಸರಸ್ವತಿಪುರಂ ಓದುಗ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದಲ್ಲಿ ಮುಂದಿನ ಆರು ತಿಂಗಳು ಜೋಸೆಫ್ ಕಾನ್ರಾಡ್ ಓದೋದು ಅಂತ ತೀರ್ಮಾನ ಆಗಿದೆ. ಮೊದಲಿಗೆ 'ಲಾರ್ಡ್ ಜಿಮ್' ಇಟ್ಟುಕೊಂಡೆವು. ಅರ್ಧ ಜನ ಐದನೇ ಅಧ್ಯಾಯದಲ್ಲೇ ನಿಂತಿದ್ದಾರೆ. ಓದುವ ಕ್ರಮ ಏನಿರಬೇಕು? ಕೆ.ಆರ್.ಎಸ್. ಹಿನ್ನೀರು ಬಿಟ್ಟರೆ ದೊಡ್ಡ ನೀರು ಕಾಣದ ನಮಗೆ ಹಡಗಿನ ಕೆಲಸ ಎಷ್ಟು ಗೊತ್ತಿದ್ದರೆ ಸಾಕು? ಒಂದೆರಡು ಕಥೆ ಕನ್ನಡಕ್ಕೆ ತರುವ ಆಸೆಯೂ ಇದೆ, ಹಕ್ಕಿನ ತೊಡಕು ಇದೆಯಾ?

ಕೂವೆಮರ

ಐದನೇ ಅಧ್ಯಾಯದಲ್ಲಿ ನಿಲ್ಲೋದಕ್ಕೆ ಕಾರಣ ಇದೆ ಸಾರ್. 'ಲಾರ್ಡ್ ಜಿಮ್'ನಲ್ಲಿ 45 ಅಧ್ಯಾಯ. ಮೊದಲ ನಾಲ್ಕನ್ನು ಲೇಖಕನೇ ಹೇಳುತ್ತಾನೆ. 5ರಿಂದ 35ರವರೆಗೆ ಮಾರ್ಲೋ ಎಂಬ ಕ್ಯಾಪ್ಟನ್, ಊಟ ಮುಗಿಸಿ ವರಾಂಡದಲ್ಲಿ ಕೂತವರಿಗೆ ಹೇಳುತ್ತಾನೆ. 36ರಿಂದ ಆಚೆಗೆ ಕೇಳಿದವರ ಪೈಕಿ ಒಬ್ಬನಿಗೆ ಬಂದ ಕಾಗದಪತ್ರ. ಮಾರ್ಲೋ ಶುರು ಮಾಡಿದ ಕೂಡಲೇ ಕಾಲ ಹಿಂದುಮುಂದಾಗುತ್ತೆ. ಪಾಟ್ನಾ ಹಡಗಿಗೆ ಆಗಿದ್ದೇನು ಅನ್ನೋದನ್ನು ಹೇಳದೆ ನೇರ ವಿಚಾರಣೆಗೆ ಕರೆದೊಯ್ಯುತ್ತಾನೆ.

ಆ ಗುಟ್ಟು ಮೊದಲೇ ಗೊತ್ತಿದ್ದರೆ ನಷ್ಟವೇನಿಲ್ಲ, ನನ್ನ ಪ್ರಕಾರ ಲಾಭವೇ. 800 ಯಾತ್ರಿಕರು, ಬರೀ 7 ದೋಣಿ. ಮುಂಭಾಗಕ್ಕೆ ನೀರು ನುಗ್ಗಿ, ತುಕ್ಕು ಹಿಡಿದ ಕಬ್ಬಿಣದ ತಡೆಗೋಡೆ ಒಂದೇ ಅದನ್ನು ತಡೆದಿದೆ. ಅಧಿಕಾರಿಗಳು ಯಾತ್ರಿಕರನ್ನು ಬಿಟ್ಟು ದೋಣಿ ಇಳಿಸಿ ಪಾರಾಗುತ್ತಾರೆ, ಅವರಲ್ಲೊಬ್ಬನಾದ ಜಿಮ್ ಕೂಡ ಹಾರುತ್ತಾನೆ. ಹಡಗು ಮಾತ್ರ ಮುಳುಗುವುದಿಲ್ಲ. ಇದರ ಹಿಂದೆ ನಿಜ ಘಟನೆ ಇದೆ. 1880ರ ಆಗಸ್ಟ್‌ನಲ್ಲಿ 'ಜೆಡ್ಡಾ' ಎಂಬ ಹಡಗಿನ ಅಧಿಕಾರಿಗಳು ಒಂಬೈನೂರಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ಬಿಟ್ಟು ಓಡಿ, ಏಡನ್ ತಲುಪಿ ಹಡಗು ಮುಳುಗಿತು ಅಂದರು. ಮರುದಿನ ಇನ್ನೊಂದು ಹಡಗು ಜೆಡ್ಡಾವನ್ನು ಎಳೆದುಕೊಂಡು ಅದೇ ಏಡನ್‌ಗೆ ಬಂತು!

ಹಾಗಾಗಿ 'ಜಿಮ್' ಕೊನೆಗಿರಲಿ. ಮೊದಲು 'ಯೂತ್' (1898): ಸುಮಾರು 40 ಪುಟ, ನೇರ ಕಥೆ, ಮಾರ್ಲೋ ಮೊದಲು ಬರುವುದೂ ಇಲ್ಲೇ. ಅವನ ಮಾತಿನ ಧಾಟಿ ಕಿವಿಗೆ ಇಲ್ಲೇ ಕೂರಬೇಕು. ನಂತರ 'ಟೈಫೂನ್' (1902), 'ದಿ ಸೀಕ್ರೆಟ್ ಶೇರರ್' (1910), 'ದಿ ಶ್ಯಾಡೋ ಲೈನ್' (1917). ಐದನೇ ತಿಂಗಳು 'ಹಾರ್ಟ್ ಆಫ್ ಡಾರ್ಕ್‌ನೆಸ್', ಆರನೆಯದು 'ಜಿಮ್'. ಪ್ರಕಟಣೆಯ ಕ್ರಮದಲ್ಲಿ ಓದಬೇಡಿ. 1895ರ 'ಆಲ್ಮೇಯರ್ಸ್ ಫಾಲಿ' ಮೊದಲ ಕಾದಂಬರಿ ಅನ್ನೋ ಕಾರಣಕ್ಕೆ ಕೈಗೆತ್ತಿಕೊಂಡರೆ ಬಳಗದ ಉಳಿದರ್ಧವೂ ಖಾಲಿ. 'ನೊಸ್ಟ್ರೋಮೊ' ದೊಡ್ಡ ಪುಸ್ತಕ, ಆದರೆ ಅದರ ರಂಗ ನೆಲ, ಬೆಳ್ಳಿ ಗಣಿ, ರಾಜಕೀಯ. ಈ ಸುತ್ತಿಗೆ ಬೇಡ.

'ಜಿಮ್' ಓದುವಾಗ ಒಂದು ಹಾಳೆ ಪಕ್ಕದಲ್ಲಿರಲಿ. ಪ್ರತಿ ಅಧ್ಯಾಯಕ್ಕೆ ಯಾರು ಹೇಳ್ತಿದ್ದಾರೆ, ಯಾರಿಗೆ, ಘಟನೆಯಾಗಿ ಎಷ್ಟು ಕಾಲಕ್ಕೆ, ಇಷ್ಟು ಬರೆದುಕೊಳ್ಳಿ. ಉದ್ಧರಣ ಚಿಹ್ನೆಯೊಳಗೆ ಇನ್ನೊಂದು ಚಿಹ್ನೆ ಬಂದರೆ ಮಾರ್ಲೋ ಬೇರೆಯವರ ಮಾತು ಹೇಳುತ್ತಿದ್ದಾನೆ ಅಂತ. ಜನ ಎಡವೋದು ಹೆಚ್ಚಾಗಿ ಇಲ್ಲೇ.

ಸಕ್ಕರೆನಾಡು, ಮಂಡ್ಯ

ಕ್ರಮ ಸರಿಯಾಗಿದೆ. ಹಡಗಿನ ಕೆಲಸದ ಬಗ್ಗೆ ಹೇಳೋದಾದರೆ ಹಗ್ಗ, ಹಾಯಿಗಳ ಹೆಸರು ಬಾಯಿಪಾಠ ಬೇಡ. ಕಥೆ ಯಾವುದರ ಮೇಲೆ ನಿಂತಿದೆಯೋ ಅದಿಷ್ಟು ಗೊತ್ತಿದ್ದರೆ ಸಾಕು.

'ಯೂತ್': ಬ್ಯಾಂಕಾಕ್‌ಗೆ ಹೊರಟ ಕಲ್ಲಿದ್ದಲು ತಾನೇ ಹೊತ್ತಿಕೊಳ್ಳುತ್ತೆ. ಹೇಗೆ? ನಮ್ಮ ಕಡೆ ಹಸಿ ಹುಲ್ಲನ್ನು ಮೆದೆ ಹಾಕಿದರೆ ಒಳಗೆ ಕಾವೇರುತ್ತಲ್ಲ, ಹಾಗೇ. ಹಡಗು ಸೋರಿ ಇದ್ದಲು ನೆನೆದಿದೆ, ಇಳಿಸಿ ಮತ್ತೆ ತುಂಬುವಾಗ ಪುಡಿಯಾಗಿದೆ. ಪುಡಿಯಾದಷ್ಟೂ ಗಾಳಿಗೆ ತೆರೆದ ಮೈ ಜಾಸ್ತಿ, ಆಮ್ಲಜನಕ ಸೇರಿ ಬಿಸಿ ಹುಟ್ಟುತ್ತೆ, ರಾಶಿಯ ನಡುವಿನ ಬಿಸಿಗೆ ಹೊರದಾರಿ ಇಲ್ಲ. ನಾವಿಕರು ಹ್ಯಾಚ್‌ಗಳನ್ನು (ಸರಕು ಇಳಿಸುವ ಡೆಕ್ಕಿನ ಬಾಯಿಗಳನ್ನು) ಮುಚ್ಚಿ ಗಾಳಿ ತಡೆಯಲು ನೋಡುತ್ತಾರೆ, ಸಂದಿಗಳಲ್ಲಿ ಹೊಗೆ ಬರುತ್ತಲೇ ಇರುತ್ತೆ. ನೀರು ಸುರಿಯುತ್ತಾರೆ, ಬುಡದವರೆಗೆ ತಲುಪುವುದಿಲ್ಲ. ಕೊನೆಗೆ ಒಳಗೆ ತುಂಬಿದ ಅನಿಲ ಸಿಡಿದು ಡೆಕ್ ಹಾರುತ್ತೆ. ಕಾನ್ರಾಡ್ ಸೆಕೆಂಡ್ ಮೇಟ್ ಆಗಿದ್ದ 'ಪ್ಯಾಲೆಸ್ಟೈನ್' ಹಡಗಿಗೆ 1883ರಲ್ಲಿ ಬಾಂಕಾ ದ್ವೀಪದ ಬಳಿ ಆಗಿದ್ದೂ ಇದೇ. ನಿಜದಲ್ಲಿ ಒಂದು ದಿನದೊಳಗೆ ದಡ ಸೇರಿದರು, ಕಥೆಯಲ್ಲಿ ದೋಣಿಯಾನವನ್ನು ಚೆನ್ನಾಗಿ ಎಳೆದಿದ್ದಾನೆ.

'ಟೈಫೂನ್': ಉತ್ತರಾರ್ಧಗೋಳದಲ್ಲಿ ಚಂಡಮಾರುತದ ಗಾಳಿ ಗಡಿಯಾರಕ್ಕೆ ವಿರುದ್ಧ ಸುತ್ತುತ್ತೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡದ ನಡುಭಾಗ ನಿಮ್ಮ ಎಡಕ್ಕೆ. ಗಾಳಿಯ ಒತ್ತಡ ಅಳೆಯುವ ಬ್ಯಾರೊಮೀಟರ್ ಬೀಳತೊಡಗಿದರೆ ಕ್ಯಾಪ್ಟನ್ ಸುತ್ತು ಹಾಕಿ ತಪ್ಪಿಸಿಕೊಳ್ಳಬೇಕು ಅಂತ ಹಡಗು ನಡೆಸುವವರ ಪುಸ್ತಕ ಹೇಳುತ್ತೆ. ಕಥೆಯ ಕ್ಯಾಪ್ಟನ್ ಮ್ಯಾಕ್‌ವರ್ ಆ ಅಧ್ಯಾಯ ಓದಿಯೂ ಒಪ್ಪುವುದಿಲ್ಲ. 300 ಮೈಲಿ ಸುತ್ತಿ ಬಂದರೆ ಕಲ್ಲಿದ್ದಲಿನ ಲೆಕ್ಕ ಮಾಲೀಕರಿಗೆ ಏನಂತ ಕೊಡೋದು, ಕಾಣದ ಬಿರುಗಾಳಿಯಿಂದ ತಪ್ಪಿಸಿಕೊಂಡೆ ಅಂತಲಾ? ದಡ್ಡತನ ಅಂತ ತಳ್ಳಿಹಾಕುವ ಮುಂಚೆ ಕೊನೆ ಓದಿ. ಕೆಳಗಿದ್ದ 200 ಚೀನೀ ಕೂಲಿಗಳ ಬೆಳ್ಳಿ ನಾಣ್ಯವೆಲ್ಲ ಕಲಸಿಹೋಗಿರುತ್ತೆ. ಎಲ್ಲರೂ ಒಂದೇ ಕಡೆ ಅಷ್ಟೇ ಕಾಲ ದುಡಿದವರು ಅಂತ ಅವನು ಸಮನಾಗಿ ಹಂಚುತ್ತಾನೆ. ಮಿಕ್ಕ 3 ಡಾಲರ್ ಹೆಚ್ಚು ಪೆಟ್ಟಾದ ಮೂವರಿಗೆ. ಬಿರುಗಾಳಿಯ ಎರಡನೇ ಅರ್ಧವನ್ನು ಕಾನ್ರಾಡ್ ಬರೆದೇ ಇಲ್ಲ, ಪುಟ ಹರಿದಿದೆ ಅಂದುಕೊಳ್ಳಬೇಡಿ.

'ಸೀಕ್ರೆಟ್ ಶೇರರ್' ಕೊನೆಯಲ್ಲಿ ಬಿಳಿ ಟೋಪಿ ಯಾಕೆ ಮುಖ್ಯ ಅಂತ ಬಹಳ ಜನಕ್ಕೆ ಗೊತ್ತಾಗಲ್ಲ. ಕತ್ತಲಲ್ಲಿ, ಗುಡ್ಡದ ನೆರಳಲ್ಲಿ, ಹಡಗು ಮುಂದೆ ಹೋಗ್ತಿದೆಯೋ ಹಿಂದೆಯೋ ತಿಳಿಯಲು ಗುರುತೇ ಇರಲ್ಲ. ಹಿಂದಕ್ಕೆ ಜಾರುವಾಗ ಚುಕ್ಕಾಣಿಯ ಕೆಲಸ ಉಲ್ಟಾ. ನೀರಲ್ಲಿ ತೇಲುವ ಟೋಪಿ ಹಡಗಿನ ಮುಂಭಾಗದ ಕಡೆ ಸರಿಯೋದು ಕಂಡಾಗ ಹಡಗು ಹಿಂದೆ ಹೋಗ್ತಿದೆ ಅಂತ ಕ್ಯಾಪ್ಟನ್‌ಗೆ ಖಾತ್ರಿ. ತಕ್ಷಣ ಚುಕ್ಕಾಣಿ ಬದಲಿಸಲು ಹೇಳುತ್ತಾನೆ. ಆ ಒಂದು ಆಜ್ಞೆಯಿಂದ ಹಡಗು ಉಳಿಯುತ್ತೆ.

ಇನ್ನು ಪಾಳಿ. ದಿನಕ್ಕೆ 4 ಗಂಟೆಯ ಐದು ಪಾಳಿ, ಸಂಜೆ 4ರಿಂದ 8ರೊಳಗೆ 2 ಗಂಟೆಯ ಎರಡು, ಒಟ್ಟು ಏಳು. ಬೆಸ ಸಂಖ್ಯೆ ಆಗಿರೋದರಿಂದ ಎರಡು ತಂಡಗಳಲ್ಲಿ ಒಂದೇ ತಂಡಕ್ಕೆ ದಿನಾ ನಡುರಾತ್ರಿ ಪಾಳಿ ಬೀಳಲ್ಲ. ಅರ್ಧ ಗಂಟೆಗೊಮ್ಮೆ ಹಡಗಿನ ಗಂಟೆ ಬಾರಿಸುತ್ತಾರೆ, ಪ್ರತಿ ಸಲ ಒಂದು ಹೊಡೆತ ಹೆಚ್ಚು, ಎಂಟು ಹೊಡೆತ ಬಾರಿಸಿದರೆ ನಾಲ್ಕು ಗಂಟೆಯ ಪಾಳಿ ಮುಗಿಯಿತು.

ಸರಸ್ವತಿಪುರಂ ಓದುಗ, ಮೈಸೂರು

ತುಂಬಾ ಉಪಕಾರ. ಟೋಪಿ ವಿಷಯ ಈಗ ತಲೆಗೆ ಹತ್ತಿತು. ಇನ್ನೊಂದು: ನಮ್ಮಲ್ಲಿ ಇಬ್ಬರು ಎಂ.ಎ. ವಿದ್ಯಾರ್ಥಿಗಳು 'ಹಾರ್ಟ್ ಆಫ್ ಡಾರ್ಕ್‌ನೆಸ್' ಜನಾಂಗದ್ವೇಷದ ಪುಸ್ತಕ, ಪಟ್ಟಿಯಿಂದ ತೆಗೀರಿ ಅಂತಿದ್ದಾರೆ. ಕಾನ್ರಾಡ್ ಭಾರತಕ್ಕೆ ಬಂದಿದ್ದು ನಿಜವಾ?

ಪುಟದಂಚು

ಬಂದಿದ್ದ. 1884ರಲ್ಲಿ ಕ್ಯಾಪ್ಟನ್ ಜೊತೆ ಜಗಳವಾಗಿ ಮದ್ರಾಸಿನಲ್ಲಿ 'ರಿವರ್ಸ್‌ಡೇಲ್' ಹಡಗು ಬಿಟ್ಟು, ಬೊಂಬಾಯಿಗೆ ಹೋಗಿ 'ನಾರ್ಸಿಸಸ್' ಹತ್ತಿದ. 1897ರ ಕಾದಂಬರಿಗೆ ಆ ಹಡಗಿನದೇ ಹೆಸರು. ಮೂಲ ಶೀರ್ಷಿಕೆಯಲ್ಲಿ ಕಪ್ಪುವರ್ಣೀಯರನ್ನು ಹೀಗಳೆಯುವ ಪದ ಇದೆ, ಅಮೆರಿಕದಲ್ಲಿ ಮೊದಲು 'ದಿ ಚಿಲ್ಡ್ರನ್ ಆಫ್ ದಿ ಸೀ' ಅಂತ ಬಂತು.

ಜೀವನ ಚುಟುಕಾಗಿ: 1857ರಲ್ಲಿ ಈಗಿನ ಉಕ್ರೇನಿನ ಬೆರ್ಡಿಚಿವ್‌ನಲ್ಲಿ ಪೋಲಿಷ್ ಮನೆತನದಲ್ಲಿ ಹುಟ್ಟು. ತಂದೆಗೆ ರಷ್ಯಾ ಸರ್ಕಾರ ಗಡೀಪಾರು ವಿಧಿಸಿತು. 12 ತುಂಬುವಷ್ಟರಲ್ಲಿ ತಾಯಿ, ತಂದೆ ಇಬ್ಬರೂ ಇಲ್ಲ, ಸಾಕಿದ್ದು ಸೋದರಮಾವ. 1874ರಲ್ಲಿ ಮಾರ್ಸೇಲ್ಸ್‌ನಿಂದ ಕಡಲ ಕೆಲಸ ಶುರು, 1886ರಲ್ಲಿ ಬ್ರಿಟಿಷ್ ಪೌರತ್ವ ಮತ್ತು ಕ್ಯಾಪ್ಟನ್ ಪ್ರಮಾಣಪತ್ರ. ಇಂಗ್ಲಿಷ್ ಅವನಿಗೆ ಪೋಲಿಷ್, ಫ್ರೆಂಚ್ ಆದ ಮೇಲಿನ ಭಾಷೆ. ಪುಸ್ತಕ ಚೆನ್ನಾಗಿ ಮಾರಾಟವಾಗಿದ್ದು 'ಚಾನ್ಸ್' ಕಾದಂಬರಿ ಬಂದ ಮೇಲೆ, ಆಗ 56 ವರ್ಷ.

1890ರಲ್ಲಿ ಕಾಂಗೋ ನದಿಯಲ್ಲಿ 'ರುವಾ ದೆ ಬೆಲ್ಜ್' ಎಂಬ ಸ್ಟೀಮರ್‌ನಲ್ಲಿ ಕೆಲಸ ಮಾಡಿ, ಮೂರು ವರ್ಷದ ಕರಾರು ಮುಗಿಸದೆ ಆರೋಗ್ಯ ಕೆಡಿಸಿಕೊಂಡು ಮರಳಿದ. 1899ರ 'ಹಾರ್ಟ್ ಆಫ್ ಡಾರ್ಕ್‌ನೆಸ್' ಕಥೆಯ ಬೇರು ಅಲ್ಲಿದೆ. ನಿಮ್ಮ ವಿದ್ಯಾರ್ಥಿಗಳ ಆಕ್ಷೇಪ ಹೊಸದಲ್ಲ, ಹಗುರವೂ ಅಲ್ಲ. 1975ರಲ್ಲಿ ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚೀಬೆ ಮ್ಯಾಸಚೂಸೆಟ್ಸ್‌ನ ಉಪನ್ಯಾಸದಲ್ಲಿ ಇದನ್ನೇ ಹೇಳಿದರು: ಯುರೋಪಿನವನ ಮನಸ್ಸು ಕುಸಿಯೋದನ್ನು ತೋರಿಸಲು ಆಫ್ರಿಕಾ ಬರೀ ಹಿನ್ನೆಲೆಯ ಪರದೆ ಆಗಿಬಿಟ್ಟಿದೆ, ಅಲ್ಲಿನ ಜನಕ್ಕೆ ಮಾತೇ ಇಲ್ಲ. ಇನ್ನೊಂದು ಕಡೆ ಇಂಗ್ಲಿಷ್ ವಿಮರ್ಶಕ ಎಫ್.ಆರ್. ಲೀವಿಸ್ 1948ರಲ್ಲೇ ಕಾನ್ರಾಡ್‌ನನ್ನು ಇಂಗ್ಲಿಷ್ ಕಾದಂಬರಿಯ ಮುಖ್ಯ ಪರಂಪರೆಗೆ ಸೇರಿಸಿದ್ದರು. ಕೇಂಬ್ರಿಡ್ಜ್‌ನಲ್ಲಿ ಲೀವಿಸ್ ಕೈಕೆಳಗೆ ಓದಿದ ಸಿ.ಡಿ. ನರಸಿಂಹಯ್ಯನವರು ನಿಮ್ಮೂರಿನ ಮಹಾರಾಜ ಕಾಲೇಜಿನಲ್ಲೇ ಇಂಗ್ಲಿಷ್ ಕಲಿಸಿದವರು. ಪುಸ್ತಕ ತೆಗೆಯಬೇಡಿ. ಅಚೀಬೆ ಉಪನ್ಯಾಸವನ್ನು ಅದೇ ವಾರ ಓದಿಸಿ, ಚರ್ಚೆ ಶುರು ಮಾಡೋ ಕೆಲಸ ಆ ಇಬ್ಬರಿಗೇ ಕೊಡಿ.

ಹಕ್ಕಿನ ಮಾತು: ನಮ್ಮ ಕಾಯ್ದೆಯಲ್ಲಿ ಲೇಖಕ ತೀರಿದ ನಂತರ 60 ವರ್ಷ. ಕಾನ್ರಾಡ್ ತೀರಿದ್ದು 1924ರ ಆಗಸ್ಟ್ 3, ಹಾಗಾಗಿ ಅನುವಾದಕ್ಕೆ ಯಾರನ್ನೂ ಕೇಳಬೇಕಿಲ್ಲ. ಮೂಲ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಆದರೆ ಹೊಸ ಆವೃತ್ತಿಗಳ ಮುನ್ನುಡಿ, ಟಿಪ್ಪಣಿಗಳಿಗೆ ಬೇರೆ ಹಕ್ಕು ಇರುತ್ತೆ, ಅವನ್ನು ಮುಟ್ಟಬೇಡಿ.

ಕೂವೆಮರ

ಅನುವಾದಕ್ಕೆ 'ಯೂತ್' ಬೇಡ ಅನ್ನಿಸುತ್ತೆ, ಮಾರ್ಲೋನ ಕುಡಿತದ ನಡುವಿನ ಹರಟೆ ಕನ್ನಡದಲ್ಲಿ ಹಿಡಿಯೋದು ಕಷ್ಟ. 'ಶ್ಯಾಡೋ ಲೈನ್' ಒಳ್ಳೆಯದು, ಸ್ವಲ್ಪ ಉದ್ದ ಅಷ್ಟೇ. ಗಾಳಿ ಸತ್ತ ಕಡಲು, ಜ್ವರದಲ್ಲಿ ಮಲಗಿದ ನಾವಿಕರು, ಕ್ವಿನೈನ್ ಬಾಟಲಿ ತೆರೆದರೆ ಒಳಗೆ ಬೇರೇನೋ ಪುಡಿ. ಮೊದಲು ಆ ಬಾಟಲಿಯ ಅಧ್ಯಾಯ ಒಂದನ್ನೇ ಮಾಡಿ, ಬಳಗದಲ್ಲಿ ಗಟ್ಟಿಯಾಗಿ ಓದಿಸಿ ನೋಡಿ. ಕೇಳುವವರು ಎಲ್ಲಿ ಎಡವುತ್ತಾರೋ ಅಲ್ಲಿ ವಾಕ್ಯ ಮುರಿಯಿರಿ.