ಬೋರ್ಡ್ ಬದಲಾಯಿಸುವ ಮೊದಲು ಬಚ್ಚಲಿನ ಪೈಪ್ ನೋಡು

ಮಗಳೇ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ್ದನ್ನು ಎರಡು ಸಲ ಓದಿದೆ. ಹೇಳುವುದು ಬಹಳ ಇದೆ, ಅದಕ್ಕೇ ಧ್ವನಿ ಸಂದೇಶ ಕಳುಹಿಸುತ್ತಿದ್ದೇನೆ. ಪೂರ್ತಿ ಕೇಳಿದ ಮೇಲೆಯೇ ಬಟ್ಟೆ ಒಗೆಯುವ ಮೆಷಿನ್ ಮುಟ್ಟು. ಯಲಹಂಕದ ಹೊಸ ಬಾಡಿಗೆ ಮನೆಗೆ ಹೋದಾಗಿನಿಂದ ಮುಕ್ಕಾಲು ಗಂಟೆಯಾದರೂ ಮೆಷಿನ್ ನೀರು ತುಂಬಿಕೊಳ್ಳದೆ ನಿಂತುಬಿಡುತ್ತದೆ, ಮೊನ್ನೆ ಡ್ರಮ್ಮಿನಲ್ಲಿ ನೀರು ಹಾಗೆಯೇ ಉಳಿದು ಬಾಗಿಲೇ ತೆರೆಯಲಿಲ್ಲ, ರಿಪೇರಿಯವರು ಫೋನಿನಲ್ಲೇ, ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ‘ಬೋರ್ಡ್ ಹೋಗಿದೆ’ ಎಂದರು. ಇಷ್ಟು ತಾನೇ? ನಾಳೆ ಬರುವುದು ಬೇಡ ಎಂದು ಅವರಿಗೆ ಹೇಳು. ಹಳೆಯ ಮನೆಯಲ್ಲಿ ಐದು ವರ್ಷ ಚೆನ್ನಾಗಿ ನಡೆದ ಮೆಷಿನ್ ಮನೆ ಬದಲಾದ ವಾರವೇ ತಕರಾರು ಮಾಡಿದರೆ, ಮೊದಲು ಅನುಮಾನ ಪಡಬೇಕಾದದ್ದು ಹೊಸ ಮನೆಯ ನಲ್ಲಿ ಮತ್ತು ಬಚ್ಚಲಿನ ಮೇಲೆ.

ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಅಜ್ಜಿ ಹಾಸಿಗೆ ಹಿಡಿದಿದ್ದಾಗ ನಮ್ಮ ಮೆಷಿನ್ ಹೀಗೆಯೇ ಮಾಡಿತು. ದಿನಕ್ಕೆ ಮೂರು ಹಾಸಿಗೆ ಬಟ್ಟೆ, ಎರಡು ಹೊದಿಕೆ. ದೊಡ್ಡಮ್ಮ ಅವನ್ನೆಲ್ಲ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೈಯಲ್ಲೇ ಒಗೆದಳು. ರಿಪೇರಿಗೆ ಬಂದವರು ಬೋರ್ಡ್ ಬದಲಾಯಿಸಿ ಹಣ ತೆಗೆದುಕೊಂಡು ಹೋದರು. ಮಾರನೆಯ ದಿನ ಮತ್ತೆ ಅದೇ ಕಥೆ. ಕೊನೆಗೆ ಒಂದು ಸಂಜೆ ಮೆಷಿನ್ ನೀರು ಎಳೆಯುತ್ತಿರುವಾಗ ಬಚ್ಚಲಿಗೆ ಹೋಗಿ ನೋಡಿದೆ. ಹೊರಬಿಡುವ ಪೈಪ್ ನೆಲಕ್ಕೆ ಜಾರಿ ಬಿದ್ದಿತ್ತು, ಅದರ ಬಾಯಿಂದ ನೀರು ಸದ್ದಿಲ್ಲದೆ ಹರಿದು ಹೋಗುತ್ತಿತ್ತು. ಒಳಗೆ ಬಂದ ನೀರೆಲ್ಲ ಹಾಗೆಯೇ ಹೊರಗೆ! ಪೈಪ್ ಎತ್ತಿ ಕೊಕ್ಕೆಗೆ ಸಿಕ್ಕಿಸಿದೆ, ಅಷ್ಟೇ; ಅವತ್ತಿನಿಂದ ತೊಂದರೆಯಿಲ್ಲ. ಅಷ್ಟು ದಿನ ದೊಡ್ಡಮ್ಮನ ಕೈ ಬಿರಿದದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಒಳಗೆ ನಡೆಯುವುದು ಇದು. ನಿನ್ನದು ಮುಂದಿನಿಂದ ಬಟ್ಟೆ ಹಾಕುವ ಮೆಷಿನ್. ಅದರಲ್ಲಿ ಕೊಳೆ ನೀರನ್ನು ಪಂಪ್ ಮೇಲಕ್ಕೆತ್ತಿ ತಳ್ಳುತ್ತದೆ. ಆ ದಾರಿಯನ್ನು ಮುಚ್ಚುವ ಬಾಗಿಲು ಸಾಮಾನ್ಯವಾಗಿ ಇರುವುದಿಲ್ಲ. ಪೈಪಿನ ಎತ್ತರವೇ ನೀರನ್ನು ಒಳಗೆ ತಡೆದು ನಿಲ್ಲಿಸುತ್ತದೆ. ಅದರ ಬಾಯಿ ನೆಲದಲ್ಲಿದ್ದರೆ, ಕ್ಯಾನಿನಿಂದ ಪೈಪಿನಲ್ಲಿ ಪೆಟ್ರೋಲ್ ಎಳೆದಂತೆ ನೀರು ತಾನಾಗಿಯೇ ಇಳಿಯುತ್ತದೆ. ನೀರಿನ ಮಟ್ಟ ಏರುವುದೇ ಇಲ್ಲ, ಮೆಷಿನ್ ಕಾದು ಕಾದು ನಿಂತುಬಿಡುತ್ತದೆ. ಸಾಮಾನ್ಯವಾಗಿ ಆ ಬಾಯಿ ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು. ನಿನ್ನ ಮೆಷಿನ್ನಿನ ಪುಸ್ತಕದಲ್ಲಿ ನಿಖರವಾದ ಅಳತೆ ಇರುತ್ತದೆ. ಗೋಡೆಯ ಕೊಳವೆಯೊಳಗೆ ಸಿಕ್ಕಿಸಿದ್ದರೆ ಆಳಕ್ಕೆ ತುರುಕಬೇಡ, ಸುತ್ತ ಬಟ್ಟೆ ಸುತ್ತಿ ಬಿಗಿಯಲೂ ಬೇಡ. ಗಾಳಿ ಆಡಲು ಜಾಗ ಇರಬೇಕು.

ಅತ್ತಿಗೆ, ನೀವೂ ಇದನ್ನು ಕೇಳುತ್ತಿರುತ್ತೀರಿ. ನೀವು ಪೈಪ್ ಎತ್ತಿ ಕಟ್ಟಬೇಡಿ! ಮೇಲಿನಿಂದ ಬಟ್ಟೆ ಹಾಕುವ ನಿಮ್ಮ ಮೆಷಿನ್ನಿನಲ್ಲಿ ಪಂಪ್ ಇಲ್ಲ ಎಂದು ಆವತ್ತು ನೋಡಿದ್ದೆವಲ್ಲ? ಅದರಲ್ಲಿ ಒಂದು ವಾಲ್ವ್ ತೆರೆದು ನೀರು ಇಳಿಜಾರಿಗೆ ಹರಿದು ಹೋಗುತ್ತದೆ. ಅಂಥವುಗಳ ಪೈಪ್ ನೆಲದ ಮೇಲೆಯೇ ಇರಬೇಕು, ಎತ್ತಿದರೆ ನೀರು ಹೋಗುವುದೇ ಇಲ್ಲ. ನಿಮ್ಮಲ್ಲಿ ನೀರು ಸೋರಿ ಹೋಗುತ್ತಿದ್ದರೆ ವಾಲ್ವಿನ ಬಾಯಲ್ಲಿ ಪಿನ್ನೋ ದಾರವೋ ಸಿಕ್ಕಿಕೊಂಡಿರಬಹುದು.

ಮಗಳೇ, ಪೈಪ್ ಸರಿಯಿದ್ದೂ ನೀರು ನಿಧಾನವಾದರೆ ನಲ್ಲಿಯ ಕಡೆಗೆ ಬಾ. ನೀನಿರುವುದು ಕೊನೆಯ ಮಹಡಿ, ಟ್ಯಾಂಕ್ ತಲೆಯ ಮೇಲೆಯೇ ಇದೆ ಎಂದೆ. ಹತ್ತಿರವಿದ್ದರೆ ಒತ್ತಡ ಹೆಚ್ಚು ಎಂದು ಎಲ್ಲರೂ ತಿಳಿಯುತ್ತಾರೆ, ಇರುವುದು ಉಲ್ಟಾ. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಒತ್ತಡ ಹೆಚ್ಚುಕಡಿಮೆ 1 ಬಾರ್. ಎರಡೇ ಮೀಟರ್ ಮೇಲಿದ್ದರೆ ಸುಮಾರು 0.2 ಬಾರ್. ಅನೇಕ ಮೆಷಿನ್ನುಗಳು ಕನಿಷ್ಠ 0.3 ಅಥವಾ 0.5 ಬಾರ್ ಕೇಳುತ್ತವೆ. ಕೆಳಗಿನ ಮನೆಯವರಿಗೆ ಇಲ್ಲದ ತೊಂದರೆ ನಿನಗೆ ಬಂದಿರುವುದು ಇದಕ್ಕೇ ಇರಬಹುದು. ಮೆಷಿನ್ನಿನ ಹಿಂದೆ ನೀರು ಬರುವ ಪೈಪ್ ಬಿಚ್ಚಿ, ಬಕೆಟ್ಟಿಗೆ ಹಿಡಿದು ನಲ್ಲಿ ತಿರುಗಿಸು. ಹತ್ತು ಲೀಟರ್ ತುಂಬಲು ಎರಡು ನಿಮಿಷಕ್ಕಿಂತ ಹೆಚ್ಚು ಬೇಕಾದರೆ ನಲ್ಲಿಯೇ ಸೊರಗಿದೆ ಎಂದು ನನ್ನ ಲೆಕ್ಕ. ಆಗ ಮಾಲೀಕರ ಹತ್ತಿರ ಒತ್ತಡ ಹೆಚ್ಚಿಸುವ ಸಣ್ಣ ಪಂಪ್ ಕೇಳು. ಅಲ್ಲಿಯವರೆಗೆ ಟ್ಯಾಂಕ್ ತುಂಬಿದ ಹೊತ್ತಿನಲ್ಲೇ ಬಟ್ಟೆ ಹಾಕು.

ಪೈಪ್ ಬಿಚ್ಚಿದಾಗ ಮೆಷಿನ್ನಿನ ಬಾಯಲ್ಲಿ ಬೆರಳ ತುದಿಯಷ್ಟು ದೊಡ್ಡ ಜಾಲರಿ ಕಾಣಿಸುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆದು ಹಾಕು. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಮರಳು, ತುಕ್ಕು ಎಲ್ಲ ಅಲ್ಲೇ ಕೂರುತ್ತದೆ. ಜಾಲರಿ ಇಲ್ಲದೆ ಮಾತ್ರ ಮೆಷಿನ್ ಓಡಿಸಬೇಡ, ಮರಳು ನೀರು ಒಳಬಿಡುವ ವಾಲ್ವಿಗೆ ಹೋದರೆ ಅದು ಮುಚ್ಚುವುದನ್ನೇ ಬಿಡುತ್ತದೆ.

ಇನ್ನು ನಿಂತ ನೀರು. ಒಳಗೆ ನೀರಿದ್ದರೆ ಬಾಗಿಲು ಬೀಗ ಹಾಕಿಕೊಂಡಿರುವುದು ಸರಿಯಾದದ್ದೇ, ಅದನ್ನು ಎಳೆದಾಡಬೇಡ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತುಬಿಡು, ನಲ್ಲಿ ಮುಚ್ಚು. ಬಿಸಿ ನೀರಿನಲ್ಲಿ ಒಗೆಯುತ್ತಿದ್ದರೆ ಆರಲು ಬಿಡು. ಮುಂಭಾಗದ ಕೆಳಮೂಲೆಯಲ್ಲಿ ಸಣ್ಣ ಮುಚ್ಚಳವಿದೆ, ಒಳಗೆ ಫಿಲ್ಟರ್. ಪಕ್ಕದಲ್ಲಿ ಸಣ್ಣ ರಬ್ಬರ್ ಕೊಳವೆ ಇದ್ದರೆ ಮೊದಲು ಅದರಿಂದ ನೀರು ಇಳಿಸು. ಇಲ್ಲದಿದ್ದರೆ ಅಗಲವಾದ ತಟ್ಟೆ ಇಟ್ಟು ಫಿಲ್ಟರನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸು. ನಾಣ್ಯ, ಕೂದಲ ಪಿನ್ನು, ರವಿಕೆ ಹುಕ್ಕು, ಮಗುವಿನ ಕಾಲುಚೀಲ ಏನು ಬೇಕಾದರೂ ಸಿಗಬಹುದು. ಆಮೇಲೆ ಟಾರ್ಚ್ ಬಿಟ್ಟು ಒಳಗಿನ ಪುಟ್ಟ ಚಕ್ರವನ್ನು ಕಡ್ಡಿಯಿಂದ ತಿರುಗಿಸು. ತಡೆತಡೆದು ತಿರುಗಿದರೆ ಹೆದರಬೇಡ, ಒಳಗೆ ಅಯಸ್ಕಾಂತವಿರುವುದರಿಂದ ಅದು ಸಹಜ. ಅಲುಗಾಡದಿದ್ದರೆ ದಾರ ಸುತ್ತಿಕೊಂಡಿದೆಯೇ ನೋಡು. ಫಿಲ್ಟರ್ ಬಿಗಿಯಾಗಿ ಕೂರಿಸಿದ ಮೇಲೆ ನೀರು ಬಿಡುವ ಕಾರ್ಯಕ್ರಮ ಮಾತ್ರ ಹಾಕಿ ಕಿವಿಗೊಡು. ಪಂಪ್ ಗುಂಯ್ ಎಂದರೂ ನೀರು ಹೋಗದಿದ್ದರೆ ಇನ್ನೂ ಎಲ್ಲೋ ಕಟ್ಟಿಕೊಂಡಿದೆ, ಅಥವಾ ಮೆಷಿನ್ನಿನ ಹಿಂದೆ ಪೈಪ್ ಮಡಚಿದೆ. ಸದ್ದೇ ಇಲ್ಲದಿದ್ದರೆ ಮಾತ್ರ ಪಂಪ್, ವೈರ್, ಬೋರ್ಡ್ ಮಾತು ಬರುತ್ತದೆ. ಆಗ ಧಾರಾಳವಾಗಿ ರಿಪೇರಿಯವರನ್ನು ಕರೆಸು, ಆದರೆ ಕರೆಂಟ್ ಅಳೆಯುವ ಮೀಟರ್ ಇಟ್ಟು ಪರೀಕ್ಷಿಸಿ ತೋರಿಸಿ ಎಂದು ಕೇಳು.

ಮಗು ಮಲಗಿದ ಮೇಲೆ ಬಚ್ಚಲಿಗೆ ಹೋಗಿ ಆ ಪೈಪಿನ ಬಾಯಿ ಎಲ್ಲಿದೆ ಎಂದು ಒಂದು ಫೋಟೊ ತೆಗೆದು ಹಾಕು. ನಾನು ಹನ್ನೊಂದರವರೆಗೆ ಎಚ್ಚರವಿರುತ್ತೇನೆ.